ಮುಲಾಮು ಬಿಟ್ಟ ಹತ್ತೇ ದಿನಕ್ಕೆ ಇಸುಬು ಮರಳುವುದು ಏಕೆ?

ಪ್ರಶ್ನೆ: ನನಗೆ 34 ವರ್ಷ. ಚಿಕ್ಕವಳಿದ್ದಾಗ ಮೊಣಕೈ ಮಡಿಕೆಯಲ್ಲಿ, ಮಂಡಿಯ ಹಿಂದೆ ಇಸುಬು ಆಗುತ್ತಿತ್ತು. ಹನ್ನೆರಡು ವರ್ಷದ ಹೊತ್ತಿಗೆ ತಾನಾಗಿಯೇ ಹೋಯಿತು. ಹೆರಿಗೆಯಾದ ಮೇಲೆ ಮತ್ತೆ ಶುರುವಾಗಿದೆ. ಮೊಣಕೈ ಮಡಿಕೆ, ಕತ್ತಿನ ಹಿಂಭಾಗ, ಎರಡೂ ಕಣಕಾಲು. ಹಗಲು ಹೇಗೋ ತಡೆದುಕೊಳ್ಳುತ್ತೇನೆ. ರಾತ್ರಿ ಒಂದು ಗಂಟೆಗೆ ಎಚ್ಚರವಾದರೆ ರಕ್ತ ಬರುವವರೆಗೂ ಕೆರೆಯುತ್ತೇನೆ, ಇಲ್ಲವೇ ಬಚ್ಚಲಿಗೆ ಹೋಗಿ ಕಾಲಿಗೆ ಸುಡುಸುಡು ನೀರು ಸುರಿದುಕೊಳ್ಳುತ್ತೇನೆ. ಅಲರ್ಜಿ ಮಾತ್ರೆ ನುಂಗಿದರೆ ನಿದ್ದೆ ಬರುತ್ತದೆ, ತುರಿಕೆ ಹೋಗುವುದಿಲ್ಲ. ವೈದ್ಯರು ಕೊಟ್ಟ ಮೊಮೆಟಸೋನ್ ಮುಲಾಮು ಹಚ್ಚಿದರೆ ನಾಲ್ಕೈದು ದಿನಕ್ಕೆ ತಗ್ಗುತ್ತದೆ, ಬಿಟ್ಟ ಹತ್ತು ದಿನಕ್ಕೆ ಮರಳುತ್ತದೆ. ಅದು ಸ್ಟೆರಾಯ್ಡ್, ಚರ್ಮ ತೆಳ್ಳಗಾಗುತ್ತದೆ, ಕಪ್ಪಾಗುತ್ತದೆ ಎಂದು ಕೇಳಿದ ಮೇಲೆ ಸಾಸಿವೆ ಕಾಳಿನಷ್ಟೇ ಹಚ್ಚುತ್ತಿದ್ದೇನೆ. 15 ಗ್ರಾಂ ಟ್ಯೂಬು ಆರು ತಿಂಗಳು ಬಂದಿದೆ. ರಕ್ತ ಕೆಟ್ಟಿದೆ, ಶುದ್ಧಿಯಾಗಬೇಕು ಎಂದು ಮನೆಯವರು ಹೇಳುತ್ತಾರೆ. ಹಾಲು, ಮೊಟ್ಟೆ, ಗೋಧಿ ಮೂರನ್ನೂ ಬಿಟ್ಟು ನಾಲ್ಕು ತಿಂಗಳಾಯಿತು. ಐದು ಕಿಲೋ ಇಳಿದಿದ್ದೇನೆ, ತುರಿಕೆ ಮಾತ್ರ ಇಳಿದಿಲ್ಲ. ಈಗ ಹೊಸ ಇಂಜೆಕ್ಷನ್ ಬಂದಿದೆಯಂತೆ, ತೆಗೆದುಕೊಳ್ಳಬಹುದೇ? ಮಗಳಿಗೆ ಎರಡು ವರ್ಷ. ಅಂಟೀತೆಂದು ಅವಳನ್ನು ಪಕ್ಕದಲ್ಲಿ ಮಲಗಿಸಿಕೊಳ್ಳುವುದನ್ನೇ ಬಿಟ್ಟಿದ್ದೇನೆ. ಇದು ಪೂರ್ತಿ ವಾಸಿಯಾಗುತ್ತದೆಯೇ?

ಉತ್ತರ: ಮಗಳ ಮಾತಿನಿಂದಲೇ ಶುರು ಮಾಡುತ್ತೇನೆ. ಅವಳನ್ನು ಇವತ್ತು ರಾತ್ರಿಯೇ ಪಕ್ಕದಲ್ಲಿ ಮಲಗಿಸಿಕೊಳ್ಳಿ. ಇಸುಬು ಅಂಟುವ ಕಾಯಿಲೆಯಲ್ಲ. ಮುಟ್ಟಿದರೆ, ಅಪ್ಪಿಕೊಂಡರೆ, ಒಂದೇ ಹೊದಿಕೆ ಹೊದ್ದರೆ ಬರುವುದಿಲ್ಲ. ತಪ್ಪು ತಿಳಿವಳಿಕೆಯೊಂದು ಎರಡು ವರ್ಷದ ಕೂಸಿಗೆ ಅಮ್ಮನ ಮಗ್ಗುಲು ತಪ್ಪಿಸಿತಲ್ಲ ಎಂದು ಪತ್ರ ಓದುವಾಗ ಸಂಕಟವಾಯಿತು.

ಅಂಟುವುದು ಕಜ್ಜಿ. ಅದೂ ರಾತ್ರಿಯೇ ಹೆಚ್ಚು ತುರಿಸುವುದರಿಂದ ಜನ ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ. ಕಜ್ಜಿಗೆ ಕಾರಣ ಚರ್ಮದೊಳಗೆ ಬಿಲ ಕೊರೆಯುವ, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಹುಳ. ಬೆರಳ ಸಂದಿ, ಮಣಿಕಟ್ಟು, ಹೊಕ್ಕುಳಿನ ಸುತ್ತ ಗುಳ್ಳೆಗಳೇಳುತ್ತವೆ, ಮನೆಯಲ್ಲಿ ಇನ್ನೊಬ್ಬರಿಗೂ ತುರಿಕೆ ಇರುತ್ತದೆ. ಹುಳುಕಡ್ಡಿಯಾದರೆ ಅಂಚು ಬಳೆಯಂತೆ ಎದ್ದು ಹೊರಹೊರಗೆ ಹರಡುತ್ತದೆ. ನಿಮ್ಮ ಕಥೆ ಬೇರೆ. ಬಾಲ್ಯದಲ್ಲಿ ಬಂದದ್ದು, ಮಡಿಕೆಗಳಲ್ಲೇ ಕೂತದ್ದು, ಹೋಗಿ ಬಂದು ಮಾಡುತ್ತಿರುವುದು, ಮನೆಯಲ್ಲಿ ಮತ್ತೊಬ್ಬರಿಗೆ ಇಲ್ಲದಿರುವುದು, ಇವೆಲ್ಲ ಅಟೊಪಿಕ್ ಡರ್ಮಟೈಟಿಸ್ ಎಂಬ ಇಸುಬಿಗೆ ಹೊಂದುತ್ತವೆ. ಆದರೂ ಚರ್ಮತಜ್ಞರೊಬ್ಬರು ಒಮ್ಮೆ ಬೆಳಕಿನಲ್ಲಿ ಮೈ ನೋಡಲೇಬೇಕು. ಪತ್ರ ಓದಿ ಅಂದಾಜು ಮಾಡಬಹುದು, ರೋಗವನ್ನು ಖಚಿತಪಡಿಸಲು ಆಗುವುದಿಲ್ಲ.

ಇನ್ನು ರಕ್ತ. ಅದರಲ್ಲಿ ಶುದ್ಧಿ ಮಾಡಬೇಕಾದ ಕೊಳೆ ಏನೂ ಇಲ್ಲ. ಇಸುಬು ಇರುವ ಕೆಲವರ ರಕ್ತದಲ್ಲಿ ಐಜಿಇ ಎಂಬ ಪ್ರತಿಕಾಯ ಹೆಚ್ಚಿರುತ್ತದೆ. ಅದು ರೋಗನಿರೋಧಕ ವ್ಯವಸ್ಥೆ ಕೆರಳಿದೆ ಎನ್ನುವುದರ ಗುರುತು, ವಿಷವಲ್ಲ. ಒಳಗಿನ ಹೊಲಸು ಚರ್ಮದ ಮೂಲಕ ಹೊರಬೀಳುತ್ತಿದೆ ಎಂದು ನೋಡುವವರಿಗೆ ಅನ್ನಿಸುವುದು ಸಹಜ. ನಡೆಯುತ್ತಿರುವುದು ಮಾತ್ರ ಹೆಚ್ಚುಕಡಿಮೆ ತಿರುಗುಮುರುಗು: ಒಳಗೆ ಬರಬಾರದ್ದು ಹೊರಗಿನಿಂದ ಒಳಬರುತ್ತಿದೆ. ಶುದ್ಧಿಯ ಹೆಸರಲ್ಲಿ ಏನನ್ನಾದರೂ ನುಂಗುವ ಮುನ್ನ ಎಚ್ಚರವಿರಲಿ. ಅಂಥ ಕೆಲವು ಔಷಧಿಗಳಲ್ಲಿ ಸೀಸ, ಪಾದರಸ, ಆರ್ಸೆನಿಕ್ ಸಿಕ್ಕ ಪ್ರಕರಣಗಳು ದಾಖಲಾಗಿವೆ. ಆರ್ಸೆನಿಕ್ ತಾನೇ ಚರ್ಮರೋಗ ತರುವ ವಸ್ತು.

ಹೊರಗಿನಿಂದ ಬರುವುದು ಹೇಗೆ ಎಂದು ಹೇಳುತ್ತೇನೆ, ಏಕೆಂದರೆ ಚಿಕಿತ್ಸೆಯೆಲ್ಲ ಇದರ ಮೇಲೆಯೇ ನಿಂತಿದೆ. ನಮ್ಮ ಚರ್ಮದ ತೀರಾ ಮೇಲಿನ ಪೊರೆ ಮೈಯ ಬಹುಭಾಗದಲ್ಲಿ ಕಾಗದದ ಹಾಳೆಗಿಂತ ತೆಳು. ಸತ್ತ ಜೀವಕೋಶಗಳು ಒಂದರ ಮೇಲೊಂದು ಕೂತು, ನಡುವೆ ಸೆರಮೈಡ್ ಮೊದಲಾದ ಕೊಬ್ಬಿನಂಶ ಗಾರೆಯಂತೆ ತುಂಬಿಕೊಂಡಿರುತ್ತದೆ. ನೀರು ಹೊರಹೋಗದಂತೆ, ಧೂಳು, ಸಾಬೂನು, ಬ್ಯಾಕ್ಟೀರಿಯಾ ಒಳಬರದಂತೆ ಕಾಯುವುದು ಇದೇ ಪೊರೆ. ಇಸುಬಿನವರಲ್ಲಿ ಇದು ಹುಟ್ಟಿನಿಂದಲೇ ಕೊಂಚ ಸಡಿಲ. 2006ರಲ್ಲಿ ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಇರ್ವಿನ್ ಮೆಕ್ಲೀನ್ ಅವರ ತಂಡ ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನಿನಲ್ಲಿರುವ ದೋಷಕ್ಕೂ ಈ ಕಾಯಿಲೆಗೂ ಇರುವ ನಂಟನ್ನು ತೋರಿಸಿತು. ಆ ಪ್ರೋಟೀನು ಕಡಿಮೆಯಾದರೆ ಪೊರೆ ಗಟ್ಟಿಯಾಗಿ ಕಟ್ಟಿಕೊಳ್ಳುವುದಿಲ್ಲ, ಒಳಗಿನ ತೇವ ನಿಲ್ಲುವುದಿಲ್ಲ. ಎಲ್ಲ ರೋಗಿಗಳಲ್ಲೂ ಈ ದೋಷ ಇರುವುದಿಲ್ಲ, ದೋಷ ಇದ್ದವರಿಗೆಲ್ಲ ಇಸುಬು ಬರುವುದೂ ಇಲ್ಲ. ಆದರೆ ಚರ್ಮವೈದ್ಯರ ಆಲೋಚನೆ ಬದಲಾದದ್ದು ಅಲ್ಲಿಂದಲೇ.

ಪೊರೆ ಸಡಿಲವಾದ ಕಡೆ ಹೊರಗಿನ ವಸ್ತುಗಳು ನುಸುಳುತ್ತವೆ, ರೋಗನಿರೋಧಕ ಕೋಶಗಳು ಕೆರಳಿ ಉರಿಯೂತ ಹುಟ್ಟುತ್ತದೆ. ಆ ಕೋಶಗಳು ಹೊರಬಿಡುವ ಇಂಟರ್‌ಲ್ಯೂಕಿನ್-4, 13, 31 ಎಂಬ ಸಂದೇಶವಾಹಕಗಳು ನರಗಳಿಗೇ ತಗುಲಿ ತುರಿಕೆ ಎಬ್ಬಿಸುತ್ತವೆ. ನಿಮ್ಮ ಅಲರ್ಜಿ ಮಾತ್ರೆ ಸೋತದ್ದು ಇಲ್ಲಿಯೇ. ಅದು ತಡೆಯುವುದು ಹಿಸ್ಟಮಿನ್ ಎಂಬ ಇನ್ನೊಂದು ವಸ್ತುವನ್ನು. ಮೈಮೇಲೆ ದದ್ದುಗಳೆದ್ದು ಕೆಲವು ಗಂಟೆಗಳಲ್ಲಿ ಮಾಯವಾಗುವ ಕಾಯಿಲೆಗೆ ಆ ಮಾತ್ರೆ ಒಳ್ಳೆಯದು, ಇಸುಬಿನ ತುರಿಕೆಯಲ್ಲಿ ಹಿಸ್ಟಮಿನ್ ಪಾತ್ರ ಸಣ್ಣದು.

ಈಗ ಕೆರೆತ. ಕೆರೆದುಕೊಳ್ಳಬೇಡಿ ಎಂದು ಇಸುಬಿನವರಿಗೆ ಹೇಳುವುದು ಕೆಮ್ಮಬೇಡಿ ಎಂದ ಹಾಗೆ. ನಾನಂತೂ ಹೇಳುವುದನ್ನು ಬಿಟ್ಟು ಬಹಳ ಕಾಲವಾಯಿತು. ನೋವು ತುರಿಕೆಯನ್ನು ನುಂಗುತ್ತದೆ. ನರಗಳ ಕಟ್ಟುವಿಕೆಯೇ ಹಾಗಿದೆ. ರಕ್ತ ಬರುವವರೆಗೆ ಕೈ ನಿಲ್ಲದಿರುವುದು, ಸುಡು ನೀರು ಬಿದ್ದ ಕ್ಷಣ ಹಾಯೆನಿಸುವುದು, ಎರಡಕ್ಕೂ ಕಾರಣ ಇದೇ. ನಿಮ್ಮಲ್ಲಿ ಸಂಯಮವಿಲ್ಲ ಎಂದು ಯಾರಾದರೂ ಅಂದರೆ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ತೊಂದರೆ ಏನೆಂದರೆ ಆ ಬಿಸಿನೀರು ಪೊರೆಯಲ್ಲಿ ಉಳಿದಿರುವ ಕೊಬ್ಬನ್ನೂ ತೊಳೆದುಕೊಂಡು ಹೋಗುತ್ತದೆ. ಹದಿನೈದು ನಿಮಿಷದ ಹಿತಕ್ಕೆ ಮರುರಾತ್ರಿಯ ತುರಿಕೆ ಬೆಲೆ. ಸೀಳಿದ ಚರ್ಮದಿಂದ ಇನ್ನಷ್ಟು ನುಸುಳುತ್ತದೆ, ಉರಿಯೂತ ಹೆಚ್ಚುತ್ತದೆ, ಕೈ ಮತ್ತೆ ಅಲ್ಲಿಗೇ ಹೋಗುತ್ತದೆ. ತಿಂಗಳುಗಟ್ಟಲೆ ಹೀಗೇ ನಡೆದರೆ ಚರ್ಮ ದಪ್ಪವಾಗಿ, ಗೆರೆಗಳು ಆಳವಾಗಿ, ಹಳೆಯ ತೊಗಲಿನಂತಾಗುತ್ತದೆ. ನಿಮ್ಮ ಕಣಕಾಲು ಹಾಗಾಗಿರಬಹುದು, ಬೆರಳಾಡಿಸಿ ನೋಡಿ. ಹಾಗೆಯೇ ಬಲಗೈ ತೋರುಬೆರಳಿನ ಉಗುರನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಬಣ್ಣ ಹಚ್ಚದೆಯೇ ಗಾಜಿನಂತೆ ಹೊಳೆಯುತ್ತಿದ್ದರೆ ಅದು ಉಜ್ಜಿ ಉಜ್ಜಿ ಬಂದ ಮಿರುಗು. ನಾನು ರೋಗಿಯ ಮೈ ನೋಡುವ ಮುನ್ನ ಉಗುರು ನೋಡುತ್ತೇನೆ. ತುರಿಕೆ ಅಷ್ಟೇನಿಲ್ಲ ಎಂದು ಸಂಕೋಚದಿಂದ ಹೇಳುವವರ ಉಗುರು ನಿಜ ಹೇಳಿಬಿಡುತ್ತದೆ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಮಾತ್ರ ಆ ಟ್ಯೂಬಿನ ಮೇಲೆ. ಒಂದು ಲೆಕ್ಕ ಹಾಕೋಣ. ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಮುಲಾಮಿನ ಒಂದು ಎಳೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಬೆರಳುಗಳೂ ಸೇರಿದಂತೆ ಎರಡು ಅಂಗೈಯಗಲದ ಚರ್ಮಕ್ಕೆ ಅದು ಸರಿಯಾದ ಪ್ರಮಾಣ. ನೀವು ಬರೆದ ಜಾಗಗಳೆಲ್ಲ ಸೇರಿ ಐದು ಅಂಗೈಯಗಲ ಎಂದಿಟ್ಟುಕೊಂಡರೆ ಒಂದು ಸಲಕ್ಕೆ ಒಂದೂಕಾಲು ಗ್ರಾಂ ಬೇಕು. ದಿನಕ್ಕೊಮ್ಮೆ ಹಚ್ಚಿದರೆ 15 ಗ್ರಾಂ ಟ್ಯೂಬು ಹನ್ನೆರಡು ದಿನಕ್ಕೆ ಖಾಲಿ. ಅದನ್ನು ನೀವು ಆರು ತಿಂಗಳು ಎಳೆದಿದ್ದೀರಿ. ಮುಲಾಮು ಸೋತಿತು ಎಂದು ಹೇಗೆ ಹೇಳೋಣ? ಅದು ಸರಿಯಾಗಿ ಕೆಲಸಕ್ಕೇ ಇಳಿದಿಲ್ಲ.

ಬಿಟ್ಟ ಹತ್ತು ದಿನಕ್ಕೆ ಮರಳುವುದೇಕೆ ಎಂಬುದಕ್ಕೆ ಉತ್ತರವೂ ಇಲ್ಲಿಯೇ ಇದೆ. ನಾಲ್ಕನೇ ದಿನಕ್ಕೆ ಬಣ್ಣ ತಿಳಿಯಾಯಿತು, ತುರಿಕೆ ತಗ್ಗಿತು, ನೀವು ನಿಲ್ಲಿಸಿದಿರಿ. ಆದರೆ ಕಣ್ಣಿಗೆ ವಾಸಿಯಾದಂತೆ ಕಂಡ ಜಾಗದಿಂದ ಒಂದು ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಉರಿಯೂತದ ಕೋಶಗಳು ಇನ್ನೂ ಅಲ್ಲೇ ಇರುತ್ತವೆ. ಬೂದಿ ಮುಚ್ಚಿದ ಕೆಂಡ ಎನ್ನುತ್ತೇವಲ್ಲ, ಹಾಗೆ. ಒಂದು ಸಣ್ಣ ನೆಪ ಸಾಕು, ಬೆವರು, ಉಣ್ಣೆ ಬಟ್ಟೆ, ನಿದ್ದೆಗೆಟ್ಟ ರಾತ್ರಿ, ಮನಸ್ಸಿನ ಕಳವಳ. ಹೀಗಾಗಿ ನಾವು ಈಗ ಎರಡು ಹಂತದಲ್ಲಿ ಚಿಕಿತ್ಸೆ ಕೊಡುತ್ತೇವೆ. ಮೊದಲು ದಿನಕ್ಕೊಮ್ಮೆ, ಸಾಕಷ್ಟು ಪ್ರಮಾಣದಲ್ಲಿ, ಚರ್ಮ ಮುಟ್ಟಿದರೆ ನುಣುಪಾಗುವವರೆಗೆ. ಸಾಮಾನ್ಯವಾಗಿ ಎರಡು ವಾರ, ದಪ್ಪಗಟ್ಟಿದ ಕಣಕಾಲಿಗೆ ಮೂರು ವಾರವೂ ಬೇಕಾಗಬಹುದು. ಆಮೇಲೆ ಥಟ್ಟನೆ ನಿಲ್ಲಿಸದೆ, ಯಾವಾಗಲೂ ಮರುಕಳಿಸುವ ಅದೇ ಜಾಗಗಳಿಗೆ, ಅವು ಚೆನ್ನಾಗಿಯೇ ಕಂಡರೂ, ವಾರದಲ್ಲಿ ಎರಡು ದಿನ ಹಚ್ಚುತ್ತಾ ಹೋಗುವುದು. ನಾಲ್ಕು ತಿಂಗಳು ಹೀಗೆ ಮಾಡಿ ನೋಡಿದ ಪ್ರಯೋಗಗಳಲ್ಲಿ ಕಾಯಿಲೆ ಮರುಕಳಿಸುವುದು ಗಣನೀಯವಾಗಿ ಕಡಿಮೆಯಾಗಿದೆ. ನನ್ನ ರೋಗಿಗಳಿಗೆ ಒಪ್ಪಿಸಲು ಅತ್ಯಂತ ಕಷ್ಟವಾಗುವುದು ಈ ಎರಡನೇ ಹಂತವೇ. ಏನೂ ಕಾಣದ ಚರ್ಮಕ್ಕೆ ಔಷಧಿ ಏಕೆ ಎಂದು ಕೇಳುತ್ತಾರೆ.

ಸ್ಟೆರಾಯ್ಡ್ ಭಯಕ್ಕೆ ಬುಡವಿಲ್ಲ ಎಂದು ನಾನು ಹೇಳುವುದಿಲ್ಲ. ತೀಕ್ಷ್ಣವಾದುದನ್ನು ತಿಂಗಳುಗಟ್ಟಲೆ ಬಿಡದೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ, ಸಣ್ಣ ರಕ್ತನಾಳಗಳು ಕಾಣುತ್ತವೆ, ಕಂಕುಳು ಮತ್ತು ತೊಡೆಸಂದಿನಲ್ಲಿ ಹೆರಿಗೆಯ ಗೆರೆಯಂಥ ಬಿರುಕುಗಳು ಬೀಳುತ್ತವೆ. ಆ ಗೆರೆಗಳು ಮತ್ತೆ ಹೋಗುವುದಿಲ್ಲ. ಕಣ್ಣಿನ ರೆಪ್ಪೆಗೆ ಬಹುಕಾಲ ಹಚ್ಚಿದರೆ ಕಣ್ಣಿನ ಒತ್ತಡ ಏರಬಹುದು. ಮುಖಕ್ಕೆ ವರ್ಷಗಟ್ಟಲೆ ಹಚ್ಚಿ ನಿಲ್ಲಿಸಿದವರಲ್ಲಿ ಕೆಲವರಿಗೆ ಚರ್ಮ ಕೆಂಪೇರಿ ಬೆಂಕಿಯಂತೆ ಉರಿಯುವುದುಂಟು. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2021ರಲ್ಲಿ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಆದರೆ ಸ್ಟೆರಾಯ್ಡ್ ಎಂಬ ಒಂದೇ ಹೆಸರಿನಡಿ ಸೌಮ್ಯವಾದ ಹೈಡ್ರೋಕಾರ್ಟಿಸೋನ್‌ಗೂ ಅತಿ ತೀಕ್ಷ್ಣವಾದ ಕ್ಲೋಬೆಟಸಾಲ್‌ಗೂ ಅಜಗಜಾಂತರ. ಮುಖ, ಕತ್ತಿನ ಮುಂಭಾಗ, ಸಂದುಗಳಿಗೆ ಸೌಮ್ಯವಾದದ್ದು, ಕೈಕಾಲಿಗೆ ನಿಮ್ಮಲ್ಲಿರುವ ಮೊಮೆಟಸೋನ್‌ನಂಥದ್ದು, ವೈದ್ಯರು ಹೇಳಿದ ಅವಧಿಗೆ. ಹೀಗೆ ಬಳಸಿದಾಗ ಅಪಾಯ ಬಹಳ ಕಡಿಮೆ. ಕಪ್ಪು ಕಲೆಗೆ ಮುಲಾಮು ಕಾರಣವಲ್ಲ. ಉರಿಯೂತ ಆರುವಾಗ ಕಂದು ಮೈಬಣ್ಣದವರಲ್ಲಿ ಅದು ಬಿಟ್ಟುಹೋಗುವ ನೆರಳು ಅದು. ಕೆರೆತ ನಿಂತ ಕೆಲವು ತಿಂಗಳಲ್ಲಿ ತಿಳಿಯಾಗುತ್ತದೆ.

ನಿಜವಾಗಿ ಹೆದರಬೇಕಾದ ಟ್ಯೂಬುಗಳು ಬೇರೆ ಇವೆ. ತೀಕ್ಷ್ಣ ಸ್ಟೆರಾಯ್ಡ್, ಶಿಲೀಂಧ್ರನಾಶಕ, ಆ್ಯಂಟಿಬಯೋಟಿಕ್ ಮೂರನ್ನೂ ಬೆರೆಸಿದ ಮುಲಾಮನ್ನು ಯಾರನ್ನೂ ಕೇಳದೆ ಹಚ್ಚಿಕೊಂಡು, ಹುಳುಕಡ್ಡಿ ಗುರುತೇ ಸಿಗದಂತೆ ಮೈತುಂಬ ಹರಡಿಸಿಕೊಂಡು ಬಂದವರನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಸ್ಟೆರಾಯ್ಡ್ ಇಲ್ಲ ಎಂದು ಹೇಳಿ ಮಾರುವ, ಒಳಗೇನಿದೆ ಎಂದು ಬರೆಯದ ಕ್ರೀಮುಗಳನ್ನು ಪರೀಕ್ಷಿಸಿದಾಗ ತೀಕ್ಷ್ಣ ಸ್ಟೆರಾಯ್ಡೇ ಸಿಕ್ಕಿದ್ದೂ ಉಂಟು. ಹೆಸರಿಲ್ಲದ ಮುಲಾಮೊಂದು ಎರಡೇ ದಿನಕ್ಕೆ ಪವಾಡ ಮಾಡಿದರೆ ಅನುಮಾನಪಡಿ.

ಸ್ಟೆರಾಯ್ಡ್ ಅಲ್ಲದ ದಾರಿ ಬೇಕೆಂದರೆ ಟ್ಯಾಕ್ರೊಲಿಮಸ್ ಮುಲಾಮು ಇದೆ. ಚರ್ಮ ತೆಳುವಾಗಿಸುವುದಿಲ್ಲ, ಹಾಗಾಗಿ ರೆಪ್ಪೆಗೂ ಕತ್ತಿಗೂ ನನಗೆ ಇದೇ ಇಷ್ಟ. ವಾರಕ್ಕೆರಡು ದಿನದ ಕಾವಲಿಗೂ ಬರುತ್ತದೆ. ಮೊದಲ ಕೆಲವು ದಿನ ಮೆಣಸಿನಕಾಯಿ ಮುಟ್ಟಿದಂತೆ ಉರಿಯುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಜನ ಎರಡನೇ ದಿನವೇ ಎಸೆದುಬಿಡುತ್ತಾರೆ. ಪೊಟ್ಟಣದ ಮೇಲೆ ಲಿಂಫೋಮಾ ಎಂಬ ಕ್ಯಾನ್ಸರಿನ ಎಚ್ಚರಿಕೆ ಕಂಡು ಗಾಬರಿಯಾಗಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2006ರಲ್ಲಿ ಅದನ್ನು ಸೇರಿಸಿತು. ಆಮೇಲಿನ ದೀರ್ಘಕಾಲದ ಅಧ್ಯಯನಗಳು ಒಟ್ಟಾರೆ ಧೈರ್ಯ ತುಂಬುವಂತೆಯೇ ಇವೆ.

ಇವೆಲ್ಲದರ ಅಡಿಯಲ್ಲಿ ತೇವ ಕಾಯುವ ಕ್ರೀಮು ಇರಲೇಬೇಕು. ಅದಿಲ್ಲದೆ ಉಳಿದ ಔಷಧಿ ಸೋರುವ ಕೊಡಕ್ಕೆ ನೀರು ಹೊಯ್ದಂತೆ. ಸುಗಂಧವಿಲ್ಲದ, ಗಟ್ಟಿಯಾದ ಕ್ರೀಮು ಅಥವಾ ಸಾದಾ ಪೆಟ್ರೋಲಿಯಂ ಜೆಲ್ಲಿ ಸಾಕು. ದುಬಾರಿಯಾದದ್ದೇ ಬೇಕೆಂದಿಲ್ಲ, ನಿಮಗೆ ದಿನವೂ ಹಚ್ಚಲು ಮನಸ್ಸಾಗುವಂಥದ್ದು ಬೇಕು. ಮೈತುಂಬ ಒಣಗಿದ್ದರೆ ದೊಡ್ಡವರಿಗೆ ವಾರಕ್ಕೆ 250ರಿಂದ 500 ಗ್ರಾಂ ಖರ್ಚಾಗುತ್ತದೆ. ಸ್ನಾನ ಉಗುರುಬೆಚ್ಚಗಿನ ನೀರಿನಲ್ಲಿ, ಐದರಿಂದ ಹತ್ತು ನಿಮಿಷ. ಆರೋಗ್ಯವಂತ ಚರ್ಮ ತುಸು ಆಮ್ಲೀಯ, ಪಿಎಚ್ 5ರ ಆಸುಪಾಸು. ಸಾಮಾನ್ಯ ಸಾಬೂನು 9-10, ಅಂದರೆ ಕ್ಷಾರೀಯ. ಆದ್ದರಿಂದ ಸಾಬೂನಿಲ್ಲದ ಕ್ಲೆನ್ಸರ್ ಬಳಸಿ. ಟವೆಲಿನಿಂದ ಉಜ್ಜದೆ ಒತ್ತಿ ಒರೆಸಿ, ಚರ್ಮ ಇನ್ನೂ ಒದ್ದೆಯಿರುವಾಗಲೇ ಕ್ರೀಮು ಸವರಿ. ಆಲಿವ್ ಎಣ್ಣೆ ಬೇಡ, ಅದು ಪೊರೆಯನ್ನು ಇನ್ನಷ್ಟು ಸಡಿಲಿಸುತ್ತದೆ. ಇನ್ನೊಂದು ಮಾತು, ಹೇಳುವವರು ಕಡಿಮೆ: ಈ ಕ್ರೀಮುಗಳು ಹೀರಿಕೊಂಡ ಬಟ್ಟೆ, ಹಾಸಿಗೆ ಬೇಗ ಬೆಂಕಿ ಹಿಡಿಯುತ್ತವೆ. ಒಲೆ, ದೀಪ, ಸಿಗರೇಟಿನಿಂದ ದೂರವಿಡಿ.

ರಾತ್ರಿ ಒಂದು ಗಂಟೆಗೆ ಏನು ಮಾಡಬೇಕು? ಬಚ್ಚಲ ಬದಲು ಫ್ರಿಜ್ ಬಾಗಿಲು ತೆಗೆಯಿರಿ. ಕ್ರೀಮಿನ ಡಬ್ಬಿ ಅಲ್ಲೇ ಇರಲಿ, ತಣ್ಣಗಿನ ಕ್ರೀಮನ್ನು ಕಣಕಾಲಿಗೆ ದಪ್ಪಗೆ ಬಳಿದು ಅದರ ಮೇಲೆ ಒದ್ದೆ ಹತ್ತಿಬಟ್ಟೆ ಸುತ್ತಿ. ತಂಪು ಕೂಡ ತುರಿಕೆಯ ನರವನ್ನು ಸುಮ್ಮನಾಗಿಸುತ್ತದೆ, ಬಿಸಿಯಂತೆ ಸುಲಿಗೆ ಮಾಡುವುದಿಲ್ಲ. ಕೈ ತಡೆಯದಿದ್ದರೆ ಮುಷ್ಟಿ ಬಿಗಿಹಿಡಿದು ಮೂವತ್ತು ಎಣಿಸಿ, ಆಮೇಲೆ ತುರಿಸುವ ಜಾಗವನ್ನು ಉಗುರಿನಿಂದ ಒಮ್ಮೆ ಒತ್ತಿ ಹಿಡಿಯಿರಿ, ಗೀರಬೇಡಿ. ಹಗಲಿನ ಕೆರೆತದಲ್ಲಿ ಒಂದು ಪಾಲು ಬರೀ ಅಭ್ಯಾಸ, ಅರಿವಿಗೇ ಬರುವುದಿಲ್ಲ. ಎಣಿಕೆಯ ಸಣ್ಣ ಯಂತ್ರವೊಂದನ್ನು ಜೇಬಿನಲ್ಲಿಟ್ಟುಕೊಂಡು ಕೈ ಹೋದಾಗಲೆಲ್ಲ ಒಂದು ಸಲ ಒತ್ತುವಂತೆ ನನ್ನ ರೋಗಿಗಳಿಗೆ ಹೇಳುತ್ತೇನೆ. ಮೊದಲ ದಿನದ ಸಂಖ್ಯೆ ನೋಡಿ ಬೆಚ್ಚಿಬೀಳುತ್ತಾರೆ. ಗಮನಕ್ಕೆ ಬಂದದ್ದೇ ಅದು ಇಳಿಯಲು ಶುರುವಾಗುತ್ತದೆ.

ಹಾಲು, ಮೊಟ್ಟೆ, ಗೋಧಿಯನ್ನು ಮರಳಿ ಊಟಕ್ಕೆ ಸೇರಿಸಿಕೊಳ್ಳಿ. ಇವುಗಳಲ್ಲಿ ಯಾವುದಾದರೂ ತಿಂದ ಒಡನೆ ತುಟಿ ಊದಿಕೊಂಡದ್ದು, ಉಬ್ಬಸ ಬಂದದ್ದು, ಮೈಯೆಲ್ಲ ದದ್ದು ಎದ್ದದ್ದು ಹಿಂದೆಂದಾದರೂ ಇದ್ದರೆ ಮಾತ್ರ ವೈದ್ಯರನ್ನು ಕೇಳದೆ ಮುಟ್ಟಬೇಡಿ. ದೊಡ್ಡವರ ಇಸುಬಿಗೆ ಆಹಾರ ಕಾರಣವಾಗುವುದು ಅಪರೂಪ. ರಕ್ತಪರೀಕ್ಷೆಯಲ್ಲಿ ಒಂದು ಆಹಾರಕ್ಕೆ ಐಜಿಇ ಕಂಡ ಮಾತ್ರಕ್ಕೆ ಅದೇ ಕಾರಣವೆಂದೂ ಆಗದು. ನಾಲ್ಕು ತಿಂಗಳು ಬಿಟ್ಟಿದ್ದೀರಿ, ತುರಿಕೆ ಇಳಿದಿಲ್ಲ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಇನ್ನೇನು? ಮೈಗೆ ತಗಲುವ ವಸ್ತುಗಳ ಕಡೆ ಮಾತ್ರ ಅನುಮಾನ ಇರಲಿ. ಕತ್ತಿನ ಹಿಂಭಾಗದ ಇಸುಬಿಗೆ ಸರದ ನಿಕ್ಕಲ್, ಕೂದಲ ಬಣ್ಣ, ಶ್ಯಾಂಪೂವಿನ ಸಂರಕ್ಷಕಗಳು ಕೈಜೋಡಿಸಿರಬಹುದು. ಇಂಥ ವಸ್ತುಗಳಿರುವ ಪಟ್ಟಿಯನ್ನು ಬೆನ್ನಿಗೆ ಅಂಟಿಸಿ 48 ಗಂಟೆ ಬಿಟ್ಟು ನೋಡುವ ಪ್ಯಾಚ್ ಟೆಸ್ಟ್ ಇದನ್ನು ಹೇಳುತ್ತದೆ.

ಹೊಸ ಇಂಜೆಕ್ಷನ್ ಎಂದು ನೀವು ಕೇಳಿರುವುದು ಬಹುಶಃ ಡ್ಯುಪಿಲುಮ್ಯಾಬ್. 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಮೊದಲು ಹೇಳಿದ ಇಂಟರ್‌ಲ್ಯೂಕಿನ್-4 ಮತ್ತು 13ರ ಸಂದೇಶವನ್ನು ತಡೆಯುತ್ತದೆ. ದೊಡ್ಡವರು ಎರಡು ವಾರಕ್ಕೊಮ್ಮೆ ಚರ್ಮದಡಿಗೆ ಚುಚ್ಚಿಕೊಳ್ಳಬೇಕು. ಬಹಳ ಮಂದಿಗೆ ನಿದ್ದೆ ಮರಳಿ ಕೊಟ್ಟ ಔಷಧಿ ಅದು. ಕೆಲವರಿಗೆ ಕಣ್ಣು ಕೆಂಪಾಗಿ ಉರಿಯುತ್ತದೆ, ಬೆಲೆಯೂ ಬಹಳ. ಇಂಥ ಸಂದೇಶಗಳನ್ನು ಕೋಶದ ಒಳಗೇ ತಡೆಯುವ, ಉಪಡಾಸಿಟಿನಿಬ್‌ನಂಥ ಜೆಎಕೆ ಮಾತ್ರೆಗಳು ತುರಿಕೆಯನ್ನು ಕೆಲವೇ ದಿನಗಳಲ್ಲಿ ತಗ್ಗಿಸುತ್ತವೆ. ಆದರೆ ಗಂಭೀರ ಸೋಂಕು, ರಕ್ತ ಹೆಪ್ಪುಗಟ್ಟುವಿಕೆ, ಹೃದಯದ ತೊಂದರೆ, ಕ್ಯಾನ್ಸರಿನ ಎಚ್ಚರಿಕೆ ಅವುಗಳ ಮೇಲಿದೆ. ಕೊಡುವ ಮುನ್ನ, ಕೊಡುತ್ತಿರುವಾಗ ರಕ್ತಪರೀಕ್ಷೆ ಬೇಕು. ಹಳೆಯ ದಾರಿಗಳೂ ಚೆನ್ನಾಗಿವೆ. ವಾರಕ್ಕೆ ಎರಡು-ಮೂರು ಸಲ 311 ನ್ಯಾನೊಮೀಟರ್ ನೇರಳಾತೀತ ಬೆಳಕಿನ ಚಿಕಿತ್ಸೆ ಇದೆ. ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಸೈಕ್ಲೋಸ್ಪೊರಿನ್ ಬೇಗ ಕೆಲಸ ಮಾಡುತ್ತದೆ, ಮೂತ್ರಪಿಂಡ ಮತ್ತು ರಕ್ತದೊತ್ತಡ ನೋಡುತ್ತಿರಬೇಕು. ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ ನುಂಗುವ ಔಷಧಿ, ದಿನಾ ನುಂಗಿದರೆ ಜೀವಕ್ಕೇ ಅಪಾಯ. ಇನ್ನೊಂದು ಮಗುವಿನ ಯೋಚನೆ ಇದ್ದರೆ ಮೆಥೊಟ್ರೆಕ್ಸೇಟ್ ಮತ್ತು ಜೆಎಕೆ ಮಾತ್ರೆ ನಿಮಗಲ್ಲ, ಅದನ್ನು ವೈದ್ಯರಿಗೆ ಮೊದಲೇ ಹೇಳಿ. ಬಾಯಿಗೆ ಸ್ಟೆರಾಯ್ಡ್ ಮಾತ್ರೆ, ಸೊಂಟಕ್ಕೆ ಸ್ಟೆರಾಯ್ಡ್ ಇಂಜೆಕ್ಷನ್ ಮಾತ್ರ ಆದಷ್ಟೂ ಬೇಡ. ವಾರದೊಳಗೆ ಮೈ ಹೊಳೆಯುತ್ತದೆ, ನಿಲ್ಲಿಸಿದ ಮೇಲೆ ಮೊದಲಿಗಿಂತ ಜೋರಾಗಿ ಮರಳಬಹುದು.

ನನ್ನನ್ನು ಕೇಳಿದರೆ, ಇಂಜೆಕ್ಷನ್ ಮಾತು ಮೂರು ತಿಂಗಳು ಪಕ್ಕಕ್ಕಿಡಿ. ಮುಲಾಮು ಮತ್ತು ಕ್ರೀಮನ್ನು ಸರಿಯಾದ ಪ್ರಮಾಣದಲ್ಲಿ ನೀವಿನ್ನೂ ಒಮ್ಮೆಯೂ ಬಳಸಿಲ್ಲ. ಬಳಸಿಯೂ ರಾತ್ರಿ ಎಚ್ಚರವಾಗುತ್ತಿದ್ದರೆ ಸಂಕೋಚವಿಲ್ಲದೆ ಕೇಳಿ, ಅದು ನಿಮ್ಮ ಹಕ್ಕು.

ಒಂದು ಸಂದರ್ಭದಲ್ಲಿ ಮಾತ್ರ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಇಸುಬಿನ ಜಾಗದಲ್ಲಿ ಒಂದೇ ಗಾತ್ರದ ಪುಟ್ಟ ಗುಳ್ಳೆಗಳು ಗುಂಪಾಗಿ ಎದ್ದು, ಒಡೆದು, ಮೊಳೆ ಹೊಡೆದು ತೆಗೆದಂಥ ಗುಂಡನೆಯ ಹುಣ್ಣುಗಳಾಗಿ, ನೋವು, ಜ್ವರ ಬಂದರೆ ಅದು ಹರ್ಪಿಸ್ ವೈರಸ್ ಹರಡಿದ ಲಕ್ಷಣ. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಆಗ ಗುಳ್ಳೆಗಳು ಆರುವವರೆಗೆ ಮಗಳನ್ನು ತುಸು ದೂರ ಇಡಬೇಕು. ಜೇನುಬಣ್ಣದ ಹಕ್ಕಳೆ, ಕೀವು ಕಂಡರೆ ಬ್ಯಾಕ್ಟೀರಿಯಾ ಸೋಂಕು, ಒಂದೆರಡು ದಿನದಲ್ಲಿ ತೋರಿಸಿ.

ಪೂರ್ತಿ ವಾಸಿಯಾಗುತ್ತದೆಯೇ ಎಂದು ಕೇಳಿದ್ದೀರಿ. ಸಡಿಲ ಚರ್ಮದ ಗುಣ ನಿಮ್ಮೊಂದಿಗೆ ಇರುತ್ತದೆ, ಅದನ್ನು ಬುಡಸಮೇತ ಕಿತ್ತುಹಾಕುವ ಔಷಧಿ ಇಂದಿಗೆ ಇಲ್ಲ. ಕಿತ್ತುಹಾಕುತ್ತೇವೆ ಎಂದು ಮಾತು ಕೊಡುವವರನ್ನು ನಂಬಬೇಡಿ. ಆದರೆ ತಿಂಗಳುಗಟ್ಟಲೆ, ಎಷ್ಟೋ ಜನರಲ್ಲಿ ವರ್ಷಗಟ್ಟಲೆ, ತುರಿಕೆಯ ನೆನಪೇ ಇಲ್ಲದೆ ಇರುವುದು ಸಾಧ್ಯ. ಹನ್ನೆರಡನೇ ವಯಸ್ಸಿನಿಂದ ಮದುವೆ, ಬಸಿರು ದಾಟುವವರೆಗೂ ನೀವೇ ಹಾಗೆ ಇದ್ದಿರಿ.

ಮುಂದಿನ ಸಲ ವೈದ್ಯರಲ್ಲಿಗೆ ಹೋಗುವಾಗ ಖಾಲಿ ಟ್ಯೂಬನ್ನೂ ರಾತ್ರಿ ಒಂದು ಗಂಟೆಗೆ ತೆಗೆದ ಕಾಲಿನ ಫೋಟೊವನ್ನೂ ಒಯ್ಯಿರಿ. ಹಗಲು ಹನ್ನೊಂದಕ್ಕೆ ಚರ್ಮ ಯಾವಾಗಲೂ ಸುಮಾರಾಗಿಯೇ ಕಾಣುತ್ತದೆ. ಮಗಳಿಗೂ ಈ ಗುಣ ಬಂದಿರಬಹುದು. ಸ್ನಾನ ಮಾಡಿಸುವಾಗ ಅವಳ ಮೊಣಕೈ ಮಡಿಕೆ, ಮಂಡಿಯ ಹಿಂದೆ ಬೆರಳಾಡಿಸುತ್ತಿರಿ. ಒರಟೆನಿಸಿದರೆ ಕ್ರೀಮು ಶುರುಮಾಡಿ, ಕೆಂಪಾದರೆ ತೋರಿಸಿ. ಮುಂಜಾಗ್ರತೆಯೆಂದು ಅವಳ ತಟ್ಟೆಯಿಂದ ಹಾಲು, ಮೊಟ್ಟೆ ತೆಗೆಯಬೇಡಿ. ಈಗ ಒಗ್ಗಿರುವ ಆಹಾರವನ್ನು ಸುಮ್ಮನೆ ಬಿಡಿಸಿದರೆ, ಮರಳಿ ಕೊಡುವ ದಿನ ಅದಕ್ಕೇ ನಿಜವಾದ ಅಲರ್ಜಿ ಹುಟ್ಟಿರುವ ಸಾಧ್ಯತೆ ಇದೆ.